ಒಳಗಿನ ಗಾಳಿ: ಶಿವಮೊಗ್ಗ–ಭದ್ರಾವತಿಯ ಕಟ್ಟಡಗಳಲ್ಲಿ ವಾತಾಯನ ಮತ್ತು ಇಂಧನದ ಲೆಕ್ಕ

ಕಟ್ಟಡದೊಳಗೆ ಗಾಳಿ ಓಡಾಡುವುದು ಬೇರೆ, ಗಾಳಿ ಬದಲಾಗುವುದು ಬೇರೆ. ಫ್ಯಾನು ಕೋಣೆಯಲ್ಲಿರುವ ಗಾಳಿಯನ್ನೇ ತಿರುಗಿಸಿ ಮೈಯ ಬೆವರನ್ನು ಬೇಗ ಆರಿಸುತ್ತದೆ. ಹೊರಗಿನ ಒಂದು ಹಿಡಿ ಗಾಳಿಯನ್ನೂ ಅದು ತರುವುದಿಲ್ಲ. ಗೋಡೆಗೆ ಹಾಕಿದ ಸ್ಪ್ಲಿಟ್ ಎಸಿಯದೂ ಸಾಮಾನ್ಯವಾಗಿ ಅದೇ ಕಥೆ. ಹೊರಗಿನ ಪೆಟ್ಟಿಗೆಗೂ ಒಳಗಿನ ಪೆಟ್ಟಿಗೆಗೂ ನಡುವೆ ತಾಮ್ರದ ಕೊಳವೆಯಲ್ಲಿ ಹರಿಯುವುದು ಶೀತಕವೇ ಹೊರತು ಗಾಳಿಯಲ್ಲ. ಉಸಿರಾಡಿದ ಗಾಳಿ ಹೊರಗೆ ಹೋಗಿ ಹೊರಗಿನದು ಒಳಗೆ ಬರುವ ಕ್ರಿಯೆಗೆ ವಾತಾಯನ ಎಂದು ಹೆಸರು. ಅದಕ್ಕೆ ಇಂಧನ ಖರ್ಚಾಗುತ್ತದೆ, ಕೆಲವೆಡೆ ಕರೆಂಟಿನ ರೂಪದಲ್ಲಿ, ಕೆಲವೆಡೆ ಸೌದೆಯ ರೂಪದಲ್ಲಿ. ಕಡಿಮೆ ಖರ್ಚಿನಲ್ಲಿ ಸಾಕಷ್ಟು ಗಾಳಿಯನ್ನು ಹೇಗೆ ಬದಲಾಯಿಸುವುದು ಎಂಬ ಪ್ರಶ್ನೆಯ ಸುತ್ತ ನೂರೈವತ್ತು ವರ್ಷಗಳಿಗೂ ಮೀರಿದ ಸಂಶೋಧನೆ ಇದೆ.

ವಾತಾಯನಕ್ಕೆ ಎರಡು ಅಳತೆಗಳಿವೆ. ಕೋಣೆಯ ಗಾತ್ರದಷ್ಟು ಗಾಳಿ ಗಂಟೆಗೆ ಎಷ್ಟು ಸಲ ಬದಲಾಯಿತು ಎಂಬುದು ಒಂದು. ಒಳಗಿರುವ ಒಬ್ಬೊಬ್ಬರಿಗೆ ಸೆಕೆಂಡಿಗೆ ಎಷ್ಟು ಲೀಟರ್ ಹೊರಗಾಳಿ ಸಿಕ್ಕಿತು ಎಂಬುದು ಇನ್ನೊಂದು. ಇವನ್ನು ನೇರವಾಗಿ ಅಳೆಯುವುದು ತೊಡಕಿನ ಕೆಲಸವಾದ್ದರಿಂದ ಮನುಷ್ಯ ಬಿಡುವ ಉಸಿರನ್ನೇ ಸಾಕ್ಷಿಗೆ ಕರೆಯುವುದು ರೂಢಿ. ಹೊರಗಿನ ಗಾಳಿಯಲ್ಲಿ ಈಗ ಇಂಗಾಲದ ಡೈಆಕ್ಸೈಡ್ ಹತ್ತು ಲಕ್ಷಕ್ಕೆ 420 ಪಾಲಿನ ಆಸುಪಾಸಿನಲ್ಲಿದೆ, ಅಂದರೆ 420 ಪಿಪಿಎಂ. ಕುಳಿತು ಕೆಲಸ ಮಾಡುವ ವಯಸ್ಕರೊಬ್ಬರು ಗಂಟೆಗೆ ಸುಮಾರು 18 ಲೀಟರ್ ಬಿಡುತ್ತಾರೆ. ತಲೆಗೆ ಸೆಕೆಂಡಿಗೆ 10 ಲೀಟರ್ ಹೊಸ ಗಾಳಿ ಸಿಗುತ್ತಿದ್ದರೆ ಕೋಣೆಯ ಮಟ್ಟ ಹೊರಗಿನದಕ್ಕಿಂತ 500 ಪಿಪಿಎಂ ಮೇಲೆ ಹೋಗಿ ನಿಲ್ಲುತ್ತದೆ. 5 ಲೀಟರ್ ಆದರೆ 1,000 ಪಿಪಿಎಂ ಮೇಲೆ.

ಈ ಲೆಕ್ಕವನ್ನು ಒಂದು ತರಗತಿಗೆ ಹಾಕಿ ನೋಡಬಹುದು. ಉದ್ದ 7 ಮೀಟರ್, ಅಗಲ 6, ಎತ್ತರ 3.3. ಒಳಗೆ 50 ಮಕ್ಕಳು. ಪುನರ್ವಸು ಮಳೆ ಜಡಿ ಹಿಡಿದಿದೆ, ಎರಚಲು ಹೊಡೆದು ಪುಸ್ತಕ ನೆನೆಯುತ್ತವೆಂದು ಕಿಟಕಿ, ಬಾಗಿಲು ಎಲ್ಲವನ್ನೂ ಮುಚ್ಚಲಾಗಿದೆ. ಮಗುವೊಂದು ಗಂಟೆಗೆ 14 ಲೀಟರ್ ಬಿಡುತ್ತದೆ ಎಂದು ಹಿಡಿದರೆ, ಏಳನೆಯ ನಿಮಿಷಕ್ಕೆ ಕೋಣೆ 1,000 ಪಿಪಿಎಂ ಮುಟ್ಟುತ್ತದೆ. ಸಂದುಗೊಂದುಗಳಿಂದ ಏನೂ ಸೋರದಿದ್ದರೆ 40 ನಿಮಿಷದ ಪಿರಿಯಡ್ ಮುಗಿಯುವ ಹೊತ್ತಿಗೆ 3,700 ದಾಟಿರುತ್ತದೆ. ಕೊನೆಯ ಬೆಂಚಿನವರು ತೂಕಡಿಸಿದರೆ ಪಾಠವನ್ನೇ ದೂರಬೇಕಾಗಿಲ್ಲ. ಅದೇ ಕೋಣೆಯಲ್ಲಿ ಎದುರುಬದುರಿನ ಗೋಡೆಗಳಲ್ಲಿ ಅರ್ಧರ್ಧ ಚದರ ಮೀಟರ್ ತೆರೆದಿಟ್ಟು, ಸೆಕೆಂಡಿಗೆ 1 ಮೀಟರ್ ವೇಗದ ಎಳೆಗಾಳಿ ನೇರವಾಗಿ ಬೀಸಿದರೂ ಸೆಕೆಂಡಿಗೆ 300 ಲೀಟರ್, ತಲೆಗೆ 6 ಲೀಟರ್ ಗಾಳಿ ಸಿಗುತ್ತದೆ. ಮಟ್ಟ 1,100ರ ಒಳಗೇ ಉಳಿಯುತ್ತದೆ. ಖರ್ಚು ಸೊನ್ನೆ. ಬೇಕಾಗಿರುವುದು ಎರಚಲು ಒಳಗೆ ಬಾರದ ಕಿಟಕಿ. ಹಳೆಯ ಶಾಲೆಗಳ ಮುಂದೆ ಇದ್ದ ಅಗಲವಾದ ಜಗಲಿ ಆ ಕೆಲಸ ಮಾಡುತ್ತಿತ್ತು. ಈಗಿನ ಒಂದೂವರೆ ಅಡಿಯ ಸಜ್ಜಾ ಮಾಡುವುದಿಲ್ಲ.

1,000 ಪಿಪಿಎಂ ಎಂಬ ಗಡಿಯನ್ನು 1858ರಲ್ಲಿ ಮೊದಲು ಸೂಚಿಸಿದವನು ಮ್ಯೂನಿಕ್‌ನ ಮ್ಯಾಕ್ಸ್ ಫಾನ್ ಪೆಟೆನ್‌ಕೋಫರ್. ಆ ಮಟ್ಟದಲ್ಲಿ ಈ ಅನಿಲವೇ ವಿಷ ಎಂದು ಅವನೂ ಹೇಳಲಿಲ್ಲ. ಉಸಿರಿನ ಗುರುತು ಇಷ್ಟಿದ್ದರೆ ಉಸಿರಿನ ಜೊತೆ ಬರುವ ಉಳಿದದ್ದೂ ಅಷ್ಟೇ ಸೇರಿಕೊಂಡಿದೆ ಎಂಬುದು ಅವನ ತರ್ಕ. 1936ರಲ್ಲಿ ಅಮೆರಿಕದ ಹಾರ್ವರ್ಡ್‌ನಲ್ಲಿ ಯಾಗ್ಲೂ ಮತ್ತು ಸಂಗಡಿಗರು ಇನ್ನೂ ಸರಳವಾದ ಉಪಕರಣ ಬಳಸಿದರು, ಅದು ಮೂಗು. ಜನ ಕುಳಿತ ಕೋಣೆಯ ವಾಸನೆ ಹೊರಗಿನಿಂದ ಬಂದವರಿಗೆ ಅಸಹ್ಯವಾಗದಿರಲು ಎಷ್ಟು ಗಾಳಿ ಬೇಕು ಎಂದು ಅಳೆದರು. ಅಲ್ಲಿಂದ ಮುಂದಿನ ಹಲವು ದಶಕಗಳ ಮಾನದಂಡಗಳು ಹುಟ್ಟಿದ್ದು ಈ ಮೂಗಿನ ತೀರ್ಪಿನಿಂದಲೇ.

1973ರ ತೈಲ ಬಿಕ್ಕಟ್ಟು ಲೆಕ್ಕವನ್ನು ತಲೆಕೆಳಗು ಮಾಡಿತು. ಹೊರಗಾಳಿಯನ್ನು ಬಿಸಿ ಮಾಡುವುದೋ ತಂಪು ಮಾಡುವುದೋ ದುಬಾರಿಯಾದಾಗ, ಅದನ್ನು ಒಳಗೆ ಬಿಡದಿರುವುದೇ ಉಳಿತಾಯ ಎಂದು ಪಾಶ್ಚಾತ್ಯ ದೇಶಗಳು ಬಗೆದವು. ಅಮೆರಿಕದ ಮಾನದಂಡದಲ್ಲಿ ಒಬ್ಬರಿಗೆ ನಿಮಿಷಕ್ಕೆ ಕನಿಷ್ಠ 5 ಘನ ಅಡಿ ಸಾಕು ಎಂದಾಯಿತು. ಕಿಟಕಿಗಳಿಗೆ ತೆರೆಯಲಾಗದ ಗಾಜು ಬಂತು. ಹಿಂದೆಯೇ ತಲೆನೋವು, ಕಣ್ಣುರಿ, ಒಣಗಿದ ಗಂಟಲು, ಆಯಾಸದ ದೂರುಗಳು ಬಂದವು. ಕಚೇರಿಯಲ್ಲಿದ್ದಾಗ ಕಾಣಿಸಿಕೊಂಡು ಮನೆಗೆ ಹೋದರೆ ಇಳಿಯುವ ಈ ಲಕ್ಷಣಗಳಿಗೆ 1980ರ ದಶಕದ ಮೊದಲಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ವರದಿಗಳು 'ಸಿಕ್ ಬಿಲ್ಡಿಂಗ್ ಸಿಂಡ್ರೋಮ್' ಎಂಬ ಹೆಸರನ್ನು ಬಳಸಿದವು. 1989ರಲ್ಲಿ ಕನಿಷ್ಠ ಪ್ರಮಾಣವನ್ನು 15 ಘನ ಅಡಿಗೆ, ಅಂದರೆ ಮೂರು ಪಟ್ಟಿಗೆ, ಏರಿಸಬೇಕಾಯಿತು. 2012ರಲ್ಲಿ ಅಮೆರಿಕದಲ್ಲಿ 22 ಮಂದಿಯ ಮೇಲೆ ನಡೆದ ಪ್ರಯೋಗವೊಂದು 2,500 ಪಿಪಿಎಂ ಇದ್ದ ಕೋಣೆಯಲ್ಲಿ ತೀರ್ಮಾನ ತೆಗೆದುಕೊಳ್ಳುವ ಶಕ್ತಿ ಗಣನೀಯವಾಗಿ ಕುಗ್ಗಿದ್ದನ್ನು ತೋರಿಸಿತು. ಆಮೇಲಿನ ಎಲ್ಲ ಅಧ್ಯಯನಗಳೂ ಅದನ್ನು ಒಪ್ಪಿಲ್ಲ. ಆದರೆ ಮುಚ್ಚಿ ಉಳಿಸುವ ಉಳಿತಾಯ ಉಳಿತಾಯವಲ್ಲ ಎಂಬಷ್ಟು ಮಾತು ಈಗ ವಿವಾದದಾಚೆಗಿದೆ.

ತುಂಗೆಯ ದಡದ ಶಿವಮೊಗ್ಗಕ್ಕೂ ಭದ್ರೆಯ ದಡದ ಭದ್ರಾವತಿಗೂ ಈ ಮಾನದಂಡಗಳನ್ನು ಹಾಗೆಯೇ ತಂದು ಹಾಕಲಾಗುವುದಿಲ್ಲ. ಎರಡೂ ಊರು ಮಲೆನಾಡಿನ ಹೊಸ್ತಿಲಲ್ಲಿವೆ. ಅದೇ ಜಿಲ್ಲೆಯ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟುವ ಮಳೆ ಇಲ್ಲಿಗೆ ಬರುವಷ್ಟರಲ್ಲಿ ಅದರ ಸಣ್ಣದೊಂದು ಪಾಲಾಗಿರುತ್ತದೆ. ಮೋಡ, ತೇವ ಮಾತ್ರ ಉಳಿದುಕೊಳ್ಳುತ್ತವೆ. ಮಾರ್ಚ್–ಏಪ್ರಿಲ್‌ನಲ್ಲಿ ಹಗಲು 36 ಡಿಗ್ರಿಯ ಸುತ್ತ ಸುಡುವ ಊರು ರಾತ್ರಿ 22ರ ಆಸುಪಾಸಿಗೆ ಇಳಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೆಕೆ ಕಡಿಮೆ, ಹಸಿ ಜಾಸ್ತಿ. ಹೀಗಾಗಿ ಇಲ್ಲಿ ವಾತಾಯನದ ಪ್ರಶ್ನೆ ಒಂದಲ್ಲ, ಮೂರು: ಬೇಸಿಗೆಯಲ್ಲಿ ಸೆಕೆ, ಮಳೆಗಾಲದಲ್ಲಿ ತೇವ, ವರ್ಷವಿಡೀ ಹೊಗೆ.

ಹಳೆಯ ಮನೆಗಳು ಈ ಮೂರಕ್ಕೂ ಒಂದೇ ಉತ್ತರ ಕೊಟ್ಟಿದ್ದವು, ಅದೂ ತಿಳಿದು ಕೊಟ್ಟದ್ದಲ್ಲ. ಬಾಸೆಲ್ ಮಿಶನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿದ ಮೇಲೆ ಘಟ್ಟದ ಮೇಲಿನ ಊರುಗಳಿಗೂ ಆ ಹೆಂಚು ಹತ್ತಿತು. ಹೆಂಚು ಹೆಂಚಿನ ನಡುವೆ ಕಣ್ಣಿಗೆ ಕಾಣದಷ್ಟು ಸಂದು. ಮಾಡಿನ ಕೆಳಗೆ ಸೇರಿದ ಬಿಸಿಗಾಳಿ ಆ ಸಂದುಗಳಿಂದ ಸೋರಿಹೋಗುತ್ತಿತ್ತು, ಅದರ ಜಾಗಕ್ಕೆ ಜಗಲಿಯ ಕಡೆಯಿಂದ, ತೊಟ್ಟಿಯ ಕಡೆಯಿಂದ ತಂಪು ಗಾಳಿ ಬರುತ್ತಿತ್ತು. ಬೆಳಕಿಂಡಿಯೂ ಗವಾಕ್ಷಿಯೂ ಸೇರಿಕೊಂಡರೆ ಗಾಳಿ ನಿಂತ ರಾತ್ರಿಯಲ್ಲೂ ಮನೆ ಉಸಿರಾಡುತ್ತಿತ್ತು. 3 ಮೀಟರ್ ಎತ್ತರದ ಅಂತರ, ಒಳಗೂ ಹೊರಗೂ 3 ಡಿಗ್ರಿ ವ್ಯತ್ಯಾಸ ಇದ್ದರೆ ಕಿಂಡಿಯಲ್ಲಿ ಸೆಕೆಂಡಿಗೆ ಮೀಟರಿನ ಮೂರನೇ ಒಂದು ಪಾಲಿನಷ್ಟು ವೇಗದ ಗಾಳಿ ತಾನಾಗಿ ಹುಟ್ಟುತ್ತದೆ. ಎತ್ತರ ಹೆಚ್ಚಿದಷ್ಟೂ ಎಳೆತ ಹೆಚ್ಚು. ಶಿವಮೊಗ್ಗದಲ್ಲಿ ಶಿವಪ್ಪನಾಯಕನ ಅರಮನೆ ಎಂದು ಹೆಸರಾಗಿ ಈಗ ವಸ್ತುಸಂಗ್ರಹಾಲಯವಾಗಿರುವ ಕಟ್ಟಡದ ಎತ್ತರದ ಮರಗಂಬಗಳ ಹಜಾರದಲ್ಲಿ ಮಧ್ಯಾಹ್ನ ಸ್ವಲ್ಪ ಹೊತ್ತು ನಿಂತವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಹಳೆಯ ಮನೆಯನ್ನು ಹೊಗಳುವವರು ಸಾಮಾನ್ಯವಾಗಿ ಅಡುಗೆಮನೆಗೆ ಬಂದಾಗ ಸುಮ್ಮನಾಗುತ್ತಾರೆ. ಮೂರು ಕಲ್ಲಿನ ಒಲೆಯೋ ಮಣ್ಣಿನ ಒಲೆಯೋ ಸೌದೆಯ ಶಾಖದಲ್ಲಿ ಹತ್ತನೇ ಒಂದು ಪಾಲನ್ನು ಪಾತ್ರೆಗೆ ಮುಟ್ಟಿಸಿ, ಉಳಿದದ್ದನ್ನು ಅಡುಗೆ ಮಾಡುವವರ ಮುಖಕ್ಕೆ ಬಿಡುತ್ತಿತ್ತು. ಜೊತೆಗೆ ಹೊಗೆ. ಹೊಗೆಯ ಸಣ್ಣ ಕಣಗಳ ವಿಚಾರದಲ್ಲಿ ಜಗತ್ತಿನ ಕಣ್ಣು ತೆರೆಸಿದ ಅಳತೆಗಳಲ್ಲಿ ಒಂದು ನಡೆದದ್ದು ಗುಜರಾತಿನ ಹಳ್ಳಿಗಳ ಅಡುಗೆಮನೆಗಳಲ್ಲಿ. ಕರ್ಕ್ ಸ್ಮಿತ್ ಮತ್ತು ಭಾರತೀಯ ಸಹೋದ್ಯೋಗಿಗಳು 1983ರಲ್ಲಿ ಅದನ್ನು ಪ್ರಕಟಿಸಿದರು. ಪಿಎಂ 2.5 ಕಣಗಳು ದಿನದ ಸರಾಸರಿಯಲ್ಲಿ ಘನ ಮೀಟರಿಗೆ 15 ಮೈಕ್ರೊಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿತು, ಭಾರತದ ಹೊರಗಾಳಿಯ ಮಿತಿ 60. ಸೌದೆ ಒಲೆಯ ಮುಂದೆ ಅದು ನೂರುಗಳಲ್ಲಿ ಓಡುತ್ತದೆ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಾದ್ಯಂತ 32 ಲಕ್ಷ ಜನ ಸತ್ತರೆಂದು ಅದೇ ಸಂಸ್ಥೆಯ ಅಂದಾಜು.

ಇಂಧನದ ಲೆಕ್ಕವೂ ಗಾಳಿಯ ಲೆಕ್ಕವೂ ಒಂದೇ ಗಂಟಿನಲ್ಲಿ ಸಿಕ್ಕಿಕೊಂಡಿರುವುದನ್ನು ಕನ್ನಡನಾಡಿನಲ್ಲಿ ಮೊದಲು ಕೂಲಂಕಷವಾಗಿ ಬಿಡಿಸಿದ್ದು ಅಸ್ತ್ರ ಒಲೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ ಅಸ್ತ್ರ ಎಂಬ ಕೇಂದ್ರ ಹುಟ್ಟಿತು. ಗ್ರಾಮೀಣ ಪ್ರದೇಶಕ್ಕೆ ವಿಜ್ಞಾನ–ತಂತ್ರಜ್ಞಾನವನ್ನು ಒಯ್ಯುವುದು ಅದರ ಉದ್ದೇಶ. ಕುಣಿಗಲ್ ತಾಲ್ಲೂಕಿನ ಉಂಗ್ರ ಅದರ ಪ್ರಯೋಗದ ಊರು. 1980ರ ದಶಕದ ಆರಂಭದಲ್ಲಿ ರೂಪುಗೊಂಡ ಈ ಒಲೆಯನ್ನು ಬಿಚ್ಚಿ ನೋಡಿದರೆ ಅದರೊಳಗೆ ಇಡೀ ವಾತಾಯನ ಶಾಸ್ತ್ರವೇ ಸಿಗುತ್ತದೆ. ಸುತ್ತ ಮುಚ್ಚಿದ ಉರಿಗೂಡು. ಅದರ ತಳಕ್ಕೆ ಜಾಲರಿ, ಕೆಳಗೆ ಬೂದಿ ಗುಂಡಿ. ಮೇಲೆ ಒಂದರ ಹಿಂದೊಂದು ಮೂರು ಪಾತ್ರೆ ಕೂರುವ ಬಾಯಿಗಳು. ಕೊನೆಗೆ ಮಾಡು ದಾಟುವ ಹೊಗೆಕೊಳವೆ. ಕೊಳವೆಯ ಎಳೆತದಿಂದ ಹೊಗೆ ಅಡುಗೆಮನೆಗೆ ಬರದೆ ಹೊರಗೆ ಹೋಗುತ್ತದೆ. ಆದರೆ ಎಳೆತ ಅಗತ್ಯಕ್ಕಿಂತ ಹೆಚ್ಚಾದರೆ ಉರಿಯ ಜೊತೆ ಬೇಡದ ತಣ್ಣನೆಯ ಗಾಳಿಯೂ ಒಳನುಗ್ಗಿ, ಪಾತ್ರೆಗೆ ತಾಗಬೇಕಾದ ಶಾಖ ಕೊಳವೆಯಲ್ಲಿ ಏರಿಹೋಗುತ್ತದೆ. ಕಡಿಮೆಯಾದರೆ ಹೊಗೆ ಹಿಂದಕ್ಕೆ ಉಗುಳುತ್ತದೆ. ಉರಿಗೂಡಿನ ಬಾಯಿಗೆ ಬಾಗಿಲಿಟ್ಟು, ಗಾಳಿ ಜಾಲರಿಯ ಕೆಳಗಿಂದ ಮಾತ್ರ ಅಳತೆಯಾಗಿ ಬರುವಂತೆ ಮಾಡಿದ್ದೇ ಅಲ್ಲಿನ ಕುಶಲತೆ. ಪ್ರಯೋಗಾಲಯದಲ್ಲಿ ಶಾಖದ ಬಳಕೆ ನೂರಕ್ಕೆ 30ನ್ನು ದಾಟಿತು.

ಹಳ್ಳಿಗೆ ಹೋದ ಒಲೆಗಳೆಲ್ಲ ಹಾಗೆ ಉಳಿಯಲಿಲ್ಲ. ದಪ್ಪ ಸೌದೆ ತುರುಕಲು ಬಾಗಿಲನ್ನು ಕಿತ್ತಿಟ್ಟರು, ದೊಡ್ಡ ಪಾತ್ರೆಗಾಗಿ ಬಾಯಿಯನ್ನು ಕೆತ್ತಿ ಅಗಲಿಸಿದರು, ಕೊಳವೆಯಲ್ಲಿ ಮಸಿ ಕಟ್ಟಿತು. ಅಳತೆ ಒಂದೆರಡು ಸೆಂಟಿಮೀಟರ್ ತಪ್ಪಿದರೂ ಉಳಿತಾಯ ಕರಗುವ ವಸ್ತುವನ್ನು ಗಾರೆಯವರ ಕೈಯಲ್ಲಿ ಸಾವಿರಗಟ್ಟಲೆ ಕಟ್ಟಿಸುವುದು ಕಷ್ಟ. ಒಲೆಯ ವಿನ್ಯಾಸಕ್ಕಿಂತ ಅದರ ಆರೈಕೆಯೇ ದೊಡ್ಡ ವಿಷಯ ಎಂಬುದು ಆ ಅನುಭವದಿಂದ ತಿಳಿಯಿತು. ಇಂದಿನ ಯಾಂತ್ರಿಕ ವಾತಾಯನಕ್ಕೂ ಆ ಮಾತು ಅನ್ವಯಿಸುತ್ತದೆ: ವರ್ಷಗಟ್ಟಲೆ ತೊಳೆಯದ ಫಿಲ್ಟರ್ ಮಸಿ ಕಟ್ಟಿದ ಕೊಳವೆಗಿಂತ ಭಿನ್ನವಲ್ಲ.

ಉಜ್ವಲಾ ಯೋಜನೆ 2016ರ ಮೇ 1ರಂದು ಶುರುವಾದ ಮೇಲೆ ಗ್ಯಾಸು ಇನ್ನಷ್ಟು ಮನೆಗಳಿಗೆ ಮುಟ್ಟಿದೆ. ಮಲೆನಾಡಿನ ಕಡೆ ಅನ್ನ, ಸಾರು ಗ್ಯಾಸಿಗೆ ಹೋದರೂ ಬಚ್ಚಲ ಹಂಡೆ ಸೌದೆಯಲ್ಲೇ ಉಳಿದಿದೆ. ಅಡಿಕೆ ಕೊಯ್ಲಿನ ದಿನಗಳಲ್ಲಿ ಸುಲಿದ ಅಡಿಕೆ ಬೇಯುವ ದೊಡ್ಡ ಒಲೆಯೂ ಸೌದೆಯದೇ, ಚೊಗರಿನ ಆವಿ, ಹೊಗೆ ಎರಡೂ ಒಟ್ಟಿಗೆ. ಪೇಟೆಯ ಬಚ್ಚಲಿಗೆ ಹಂಡೆಯ ಬದಲು ಗ್ಯಾಸ್ ಗೀಸರ್ ಬಂತು, ಅದರೊಂದಿಗೆ ಹೊಗೆಗಿಂತ ಘೋರವಾದ ಒಂದು ಅಪಾಯವೂ. ಕಿಟಕಿಯಿಲ್ಲದ ಸಣ್ಣ ಬಚ್ಚಲಲ್ಲಿ ಉರಿ ಆಮ್ಲಜನಕವನ್ನು ತಿನ್ನುತ್ತಾ ಹೋದಂತೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೊಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಬಲವಾಗಿ ಅಂಟಿಕೊಳ್ಳುತ್ತದೆ. ಸ್ನಾನಕ್ಕೆ ಹೋದವರು ಹೊರಗೆ ಬಾರದ ಪ್ರಕರಣಗಳು ಕರ್ನಾಟಕದಲ್ಲಿ ಮತ್ತೆ ಮತ್ತೆ ವರದಿಯಾಗಿವೆ. ಗೀಸರ್ ಬಚ್ಚಲಿನ ಹೊರಗೋಡೆಯ ಆಚೆ ಇರಬೇಕು, ಒಳಗೆ ಬರಬೇಕಾದದ್ದು ಬಿಸಿನೀರಿನ ಪೈಪು ಮಾತ್ರ. ಇದರಲ್ಲಿ ರಾಜಿಗೆ ಎಡೆಯಿಲ್ಲ.

ಸೌದೆ ಒಲೆ ಹೋದಾಗ ಹೊಗೆಯ ಜೊತೆ ಹೋದದ್ದು ಇನ್ನೊಂದಿದೆ, ಅದನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಒಲೆಯ ಮೇಲಿನ ಅಟ್ಟದಲ್ಲಿ ಅಡಿಕೆ, ಕೊಬ್ಬರಿ, ಬಿತ್ತನೆ ಬೀಜ, ಕಂಬಳಿ ಇಡುತ್ತಿದ್ದರು. ಆಶ್ಲೇಷ ಮಳೆಯಲ್ಲೂ ಅವಕ್ಕೆ ಬೂಷ್ಟು ಹಿಡಿಯುತ್ತಿರಲಿಲ್ಲ. ಕಾರಣ ಸರಳ. 24 ಡಿಗ್ರಿಯಲ್ಲಿ ನೂರಕ್ಕೆ 90ರಷ್ಟು ತೇವಾಂಶವಿರುವ ಗಾಳಿಯನ್ನು 27 ಡಿಗ್ರಿಗೆ ಕಾಯಿಸಿದರೆ, ಒಂದು ತೊಟ್ಟು ನೀರನ್ನೂ ತೆಗೆಯದೆ, ತೇವಾಂಶ 75ಕ್ಕೆ ಇಳಿಯುತ್ತದೆ. ಮೇಲ್ಮೈಯ ಬಳಿ 80 ದಾಟಿ ಹಲವು ದಿನ ನಿಂತರೆ ಬೂಷ್ಟಿಗೆ ಹಬ್ಬ. ಆ ಮೂರು ಡಿಗ್ರಿಯೇ ಅಟ್ಟದ ಕಾವಲುಗಾರ. ಹೆಂಚಿನ ಸಂದು ಆವಿಯನ್ನು ಹೊರಗೆ ಕಳಿಸುತ್ತಿತ್ತು.

ಆರ್‌ಸಿಸಿ ಮನೆಯಲ್ಲಿ ಒಲೆಯೂ ಇಲ್ಲ, ಸಂದೂ ಇಲ್ಲ. ಆದರೆ ನೀರು ಅಷ್ಟೇ ಇದೆ. ನಾಲ್ಕು ಜನರ ಕುಟುಂಬದ ಉಸಿರು, ಅಡುಗೆ, ಸ್ನಾನ, ಒರೆಸಿದ ನೆಲ ಸೇರಿ ದಿನಕ್ಕೆ 8–10 ಲೀಟರ್ ನೀರು ಆವಿಯಾಗಿ ಗಾಳಿಗೆ ಸೇರುತ್ತದೆ. ಮಳೆಗಾಲದಲ್ಲಿ ಹಾಲಿನಲ್ಲೇ ಹಗ್ಗ ಕಟ್ಟಿ ಬಟ್ಟೆ ಒಣಗಿಸಿದರೆ ಇನ್ನೆರಡು ಮೂರು ಲೀಟರ್. ಬೀರುವಿನ ಹಿಂದಿನ ಗೋಡೆ ಮೊದಲು ಕಪ್ಪಾಗುವುದು ಅಲ್ಲಿ ಗಾಳಿ ಆಡದ ಕಾರಣಕ್ಕೆ. ಆಮೇಲೆ ಉತ್ತರದ ಕೋಣೆಯ ಮೂಲೆ, ಆಮೇಲೆ ಚಪ್ಪಲಿ, ಪುಸ್ತಕದ ಬೆನ್ನು, ಮದುವೆಯ ರೇಷ್ಮೆ ಸೀರೆ. ಮುಗ್ಗಲು ವಾಸನೆಯನ್ನು ಮುಚ್ಚಲು ರೂಮ್ ಸ್ಪ್ರೇ ಹೊಡೆಯುವುದು ಗಾಳಿಗೆ ಇನ್ನೊಂದು ರಾಸಾಯನಿಕ ಸೇರಿಸಿದಂತೆ.

ಇಲ್ಲಿ ಕಿಟಕಿ ತೆರೆಯಿರಿ ಎಂಬ ಉಪದೇಶ ಅರ್ಧ ಮಾತ್ರ ಸರಿ. ಹೊರಗೆ 24 ಡಿಗ್ರಿ, ತೇವಾಂಶ 90 ಇದ್ದಾಗ ಆ ಗಾಳಿಯ ತೇವ 22 ಡಿಗ್ರಿಗಿಂತ ತಣ್ಣಗಿರುವ ಯಾವ ಕಲ್ಲಿನ ಮೇಲೂ ನೀರಾಗಿ ಕೂರುತ್ತದೆ. ತಂಪಾಗಿದ್ದ ಗ್ರಾನೈಟ್ ನೆಲ ಒಮ್ಮೆಲೇ ಬೆವರಿ ಜಾರುವುದು ಹೀಗೆ. ಅಂಥ ದಿನ ಮನೆಯನ್ನೆಲ್ಲ ತೆರೆದಿಟ್ಟರೆ ನೆಲ ಇನ್ನಷ್ಟು ಬೆವರುತ್ತದೆ. ಆವಿ ಹುಟ್ಟುವ ಜಾಗದಲ್ಲೇ ಅದನ್ನು ಹಿಡಿದು ಹೊರಗೆ ಹಾಕುವುದು ಜಾಣತನ: ಅಡುಗೆ ಮಾಡುವಾಗಲೂ ಸ್ನಾನ ಮುಗಿದ ಮೇಲೆ 20 ನಿಮಿಷವೂ ಎಕ್ಸಾಸ್ಟ್ ಫ್ಯಾನ್ ಓಡಿಸುವುದು, ಬಚ್ಚಲ ಬಾಗಿಲು ಮುಚ್ಚಿಡುವುದು, ಬಟ್ಟೆಯನ್ನು ಜಗಲಿಗೋ ಮಾಳಿಗೆಯ ತಗಡಿನ ಚಪ್ಪರಕ್ಕೋ ಸಾಗಿಸುವುದು. ಮಳೆ ಹೊಳವಾಗಿ ಬಿಸಿಲು ಬಿದ್ದ ಮಧ್ಯಾಹ್ನದ ಎರಡು ಮೂರು ಗಂಟೆ ಕಿಟಕಿಗಳಿಗೆ ಸರಿಯಾದ ವೇಳೆ. ಬೇಸಿಗೆಯಲ್ಲಿ ಇದೇ ನಿಯಮ ತಿರುಗುಮುರುಗು. ಹಗಲಿಡೀ ಕಾದ ಆರ್‌ಸಿಸಿ ಚಾವಣಿ ರಾತ್ರಿ ಶಾಖವನ್ನು ಕೆಳಗೆ ಬಿಡುತ್ತಿರುತ್ತದೆ. ಆಗ 22–24 ಡಿಗ್ರಿಯ ಹೊರಗಾಳಿಯನ್ನು ಒಳಗೆ ಹರಿಸಿ ಗೋಡೆ, ಚಾವಣಿ ತಣಿಸಿ, ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಮುಚ್ಚಿಬಿಡಬೇಕು. ಏಪ್ರಿಲ್ ನಡುರಾತ್ರಿ 24ಕ್ಕೆ ಹಾಕಿದ ಎಸಿ ಓಡುತ್ತಿರುವಾಗ ಕಿಟಕಿಯ ಆಚೆ ಅದೇ 24 ಡಿಗ್ರಿ ಪುಕ್ಕಟೆ ನಿಂತಿರುತ್ತದೆ.

ಹಾಗೆ ತೆರೆಯಲು ಸೊಳ್ಳೆ ಬಿಡುವುದಿಲ್ಲ ಎಂಬುದು ನ್ಯಾಯವಾದ ತಕರಾರು. ಸೊಳ್ಳೆ ಜಾಲರಿ ಗಾಳಿಯನ್ನು ತಡೆಯುತ್ತದೆ, ಧೂಳು ಹಿಡಿದ ಜಾಲರಿ ಇನ್ನೂ ಹೆಚ್ಚು. ಆದರೂ ಅದರ ಬದಲಿಗೆ ಕಿಟಕಿ ಮುಚ್ಚಿ ಕಾಯಿಲ್ ಹಚ್ಚುವುದು ಕೆಟ್ಟ ವ್ಯಾಪಾರ. ಒಂದು ಕಾಯಿಲ್ ಉರಿದು ಮುಗಿಯುವಷ್ಟರಲ್ಲಿ ಬಿಡುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟುಗಳಿಗೆ ಸಮ ಎಂದು 2003ರಲ್ಲಿ ಪ್ರಕಟವಾದ ಅಧ್ಯಯನ ಲೆಕ್ಕ ಕೊಟ್ಟಿದೆ. ಜಾಲರಿಗಿಂತ ದೊಡ್ಡ ಅಡ್ಡಿ ಕಿಟಕಿಯ ಬಗೆಯಲ್ಲೇ ಇದೆ. ಎರಡು ಹಲಗೆಯ ಸ್ಲೈಡಿಂಗ್ ಕಿಟಕಿ ಎಷ್ಟೇ ಅಗಲವಿರಲಿ ತೆರೆಯುವುದು ಅರ್ಧ. ಮನೆಗಳ ಇಂಧನ ಸಂಹಿತೆಯಾದ 2018ರ ಇಕೋ ನಿವಾಸ್ ಸಂಹಿತೆ ಬಿಜಾಗರಿಯ ಕಿಟಕಿಗೆ ನೂರಕ್ಕೆ 90, ಇದಕ್ಕೆ 50 ಎಂದೇ ಲೆಕ್ಕ ಹಿಡಿಯುತ್ತದೆ. ನೆಲದ ವಿಸ್ತೀರ್ಣದಲ್ಲಿ ತೆರೆಯುವ ಭಾಗ ಬಿಸಿ–ತೇವದ ಪ್ರದೇಶಗಳಲ್ಲಿ ಆರನೇ ಒಂದು, ಸಮಶೀತೋಷ್ಣ ಪ್ರದೇಶಗಳಲ್ಲಿ ಎಂಟನೇ ಒಂದು ಪಾಲು ಇರಬೇಕೆಂದು ಅದು ಹೇಳುತ್ತದೆ. 30–40ರ ಸೈಟಿನಲ್ಲಿ ಪಕ್ಕದ ಮನೆಯ ಗೋಡೆಗೆ ಮೂರಡಿ ಬಿಟ್ಟು ಕಟ್ಟಿದ ಮನೆಗೆ ಕಿಟಕಿಯ ಅಳತೆ ಸರಿಯಿದ್ದರೂ ಗಾಳಿ ಎಲ್ಲಿಂದ ಬರಬೇಕು? ಅಂಥಲ್ಲಿ ಮೆಟ್ಟಿಲ ಗೂಡಿನ ತುದಿಯಲ್ಲಿ, ಮಳೆ ಬೀಳದಂತೆ ಚಾಚು ಕೊಟ್ಟು, ಒಂದು ಗವಾಕ್ಷಿ ಬಿಟ್ಟರೆ ಎರಡು ಮಹಡಿಯ ಎತ್ತರವೇ ಹೊಗೆಕೊಳವೆಯಂತೆ ಎಳೆಯುತ್ತದೆ.

ಆಸ್ಪತ್ರೆಯ ಮಾತು ಚಿಕ್ಕದು, ಆದರೆ ತೂಕದ್ದು. ಪೆರು ದೇಶದ ಲಿಮಾದಲ್ಲಿ ಎಂಟು ಆಸ್ಪತ್ರೆಗಳ 70 ಕೋಣೆಗಳನ್ನು ಅಳೆದು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಿಟಕಿ ತೆರೆದ ಕೋಣೆಗಳಲ್ಲಿ ಗಾಳಿ ಗಂಟೆಗೆ 28 ಸಲ ಬದಲಾದರೆ, ಯಾಂತ್ರಿಕ ವ್ಯವಸ್ಥೆಯ ಕೋಣೆಗಳಲ್ಲಿ 12 ಸಲ. 1950ಕ್ಕೆ ಮೊದಲು ಕಟ್ಟಿದ, ಎತ್ತರದ ಚಾವಣಿಯ ಕಟ್ಟಡಗಳಲ್ಲಿ ಅದು 40. ಕ್ಷಯದಂತಹ ಗಾಳಿಯಲ್ಲಿ ಹರಡುವ ರೋಗಕ್ಕೆ ಈ ಅಂಕಿಗಳೇ ಔಷಧದ ಪಕ್ಕದ ಔಷಧ. ಕೋವಿಡ್ ಕಾಲದಲ್ಲಿ, 2021ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆ ಜನ ಸೇರುವ ಕಟ್ಟಡಗಳಿಗೆ ತಲೆಗೆ ಸೆಕೆಂಡಿಗೆ 10 ಲೀಟರ್ ಎಂದು ಹೇಳಿತು. ಹಳೆಯ ವಾರ್ಡನ್ನು ಫಾಲ್ಸ್ ಸೀಲಿಂಗ್ ಹಾಕಿ ತಗ್ಗಿಸಿ, ಮೇಲಿನ ಕಿಟಕಿಗಳನ್ನು ಮುಚ್ಚಿ 'ಆಧುನೀಕರಿಸುವ' ಮುಂಚೆ ಇವನ್ನು ಓದುವುದು ಒಳ್ಳೆಯದು.

ಭದ್ರಾವತಿಗೆ ಉರಿ, ಗಾಳಿ, ಕೊಳವೆಗಳ ವಿದ್ಯೆ ಹೊಸದಲ್ಲ. ಬೆಂಕಿಪುರವೆಂಬ ಹಳೆಯ ಹೆಸರಿನ ಈ ಊರಿನಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆಯ ಕುಲುಮೆ 1923ರಲ್ಲಿ ಉರಿದದ್ದು ಕಾಡಿನ ಮರದ ಇದ್ದಿಲಿನಿಂದ. ಆ ನೆರಳಿನಲ್ಲಿ ಬೆಳೆದ ಎರಕದ ಉದ್ಯಮ ಈಗ ಎರಡೂ ಊರಿನ ನಡುವಿನ ಮಾಚೇನಹಳ್ಳಿಯವರೆಗೆ ಹಬ್ಬಿದೆ. ಎರಕದ ಶೆಡ್ಡಿನಲ್ಲಿ ಎರಡು ಬಗೆಯ ಮಲಿನತೆ ಇದೆ, ಎರಡಕ್ಕೂ ಬೇರೆ ಬೇರೆ ಮದ್ದು. ಕಾದ ಲೋಹದ ಶಾಖ, ಹೊಗೆ ತಾವಾಗಿ ಮೇಲೇರುತ್ತವೆ. 9 ಮೀಟರ್ ಎತ್ತರದ ಶೆಡ್ಡಿನಲ್ಲಿ ಒಳಹೊರಗೆ 10 ಡಿಗ್ರಿ ವ್ಯತ್ಯಾಸವಿದ್ದರೆ ಮಾಡಿನ ತೆರಪಿನಲ್ಲಿ ಸೆಕೆಂಡಿಗೆ ಸುಮಾರು 1 ಮೀಟರ್ ವೇಗ ಕರೆಂಟಿಲ್ಲದೆ ಸಿಗುತ್ತದೆ, ಕೆಳಗೆ ಅಷ್ಟೇ ದೊಡ್ಡ ದಾರಿ ಇದ್ದರೆ. ಮೇಲೆ ತಿರುಗುವ ಟರ್ಬೊ ವೆಂಟಿಲೇಟರ್‌ಗಳನ್ನು ಸಾಲಾಗಿ ಇಟ್ಟು ಕೆಳಗಿನ ಶಟರ್ ಎಳೆದಿಟ್ಟ ಶೆಡ್ಡುಗಳು ಈ ಕೊನೆಯ ಷರತ್ತನ್ನು ಮರೆತಿರುತ್ತವೆ.

ಅಚ್ಚು ಒಡೆಯುವಾಗ, ಎರಕವನ್ನು ಉಜ್ಜಿ ನಯ ಮಾಡುವಾಗ ಏಳುವ ಮರಳಿನ ಧೂಳು ಹಾಗಲ್ಲ. ಅದರಲ್ಲಿರುವ ಸಿಲಿಕಾ ಶ್ವಾಸಕೋಶವನ್ನು ಶಾಶ್ವತವಾಗಿ ಗಟ್ಟಿಯಾಗಿಸುತ್ತದೆ. ಅದನ್ನು ಶೆಡ್ಡಿನ ಗಾಳಿಗೆ ಬೆರೆಯಲು ಬಿಟ್ಟು ಆಮೇಲೆ ಹೊರಹಾಕುವುದು ಬಹಳ ತಡ. ಹುಟ್ಟಿದ ಕಡೆಯೇ ಹೀರಬೇಕು. ಹೀರುವುದರ ಒಂದು ವಿಚಿತ್ರವನ್ನು ದೀಪದ ಮುಂದೆ ಯಾರಾದರೂ ಪರೀಕ್ಷಿಸಬಹುದು. ತುಸು ದೂರದಿಂದಲೇ ಊದಿ ದೀಪ ಆರಿಸಬಹುದು, ಉಸಿರು ಎಳೆದು ಆರಿಸಲು ತುಟಿ ಸುಡುವಷ್ಟು ಹತ್ತಿರ ಹೋದರೂ ಆಗುವುದಿಲ್ಲ. ಊದಿದ ಗಾಳಿ ಕೊಳವೆಯ ವ್ಯಾಸದ 30 ಪಟ್ಟು ದೂರದಲ್ಲಿ ವೇಗದ ಹತ್ತನೇ ಒಂದು ಪಾಲನ್ನು ಉಳಿಸಿಕೊಂಡಿರುತ್ತದೆ. ಹೀರುವ ಕೊಳವೆಯ ಬಾಯಿಯಿಂದ ಒಂದೇ ವ್ಯಾಸದಷ್ಟು ದೂರದಲ್ಲಿ ವೇಗ ಹತ್ತನೇ ಒಂದಕ್ಕೆ ಇಳಿದುಬಿಡುತ್ತದೆ. ಆದ್ದರಿಂದ ಧೂಳು ಹೀರುವ ಹುಡ್ ಕೆಲಸಗಾರನ ಕೈಯಷ್ಟೇ ಹತ್ತಿರ ಇರಬೇಕು. ಹತ್ತಿರ ತಂದಷ್ಟೂ ಚಿಕ್ಕ ಫ್ಯಾನು ಸಾಕಾಗುತ್ತದೆ, ಫ್ಯಾನಿನ ವೇಗವನ್ನು ನೂರರಿಂದ 80ಕ್ಕೆ ಇಳಿಸಿದರೆ ಕರೆಂಟು ಅರ್ಧಕ್ಕೆ ಇಳಿಯುತ್ತದೆ. ಒಗ್ಗರಣೆ ಒಲೆಗೆ ಎಂಟಡಿ ಆಚೆ, ಕಿಟಕಿಯ ಮೇಲೆ ಹಾಕಿದ ಎಕ್ಸಾಸ್ಟ್ ಫ್ಯಾನ್ ಏಕೆ ಸದ್ದು ಮಾತ್ರ ಮಾಡುತ್ತದೆ ಎಂಬುದಕ್ಕೂ ಇದೇ ಉತ್ತರ. ಕಾನೂನು 1948ರ ಕಾರ್ಖಾನೆ ಕಾಯಿದೆಯಲ್ಲೇ ಇತ್ತು: ಸಾಕಷ್ಟು ವಾತಾಯನ, ಧೂಳು–ಹೊಗೆಯ ನಿವಾರಣೆ, ಕಾಯಿದೆ ಬಂದ ಮೇಲೆ ಕಟ್ಟಿದ ಕಾರ್ಖಾನೆಗಳಲ್ಲಿ ಒಬ್ಬ ಕೆಲಸಗಾರನಿಗೆ ಕನಿಷ್ಠ 14.2 ಘನ ಮೀಟರ್ ಜಾಗ, ಅದೂ ನೆಲದಿಂದ 4.2 ಮೀಟರ್ ಎತ್ತರದವರೆಗಿನದನ್ನು ಮಾತ್ರ ಎಣಿಸಿ.

ಎಸಿ ಇಲ್ಲದೆ ಕಚೇರಿ ಕಟ್ಟುವ ಪ್ರಯತ್ನಕ್ಕೆ ರಾಜ್ಯದ ಹೆಸರಾಂತ ಉದಾಹರಣೆ ಬೆಂಗಳೂರಿನ ದೊಮ್ಮಲೂರಿನಲ್ಲಿರುವ, ಟೆರಿ ಎಂಬ ಇಂಧನ ಸಂಶೋಧನಾ ಸಂಸ್ಥೆಯ ಕಟ್ಟಡ. ವಾಸ್ತುಶಿಲ್ಪಿ ಸಂಜಯ್ ಮೊಹೆ. ನಿವೇಶನದ ದಕ್ಷಿಣಕ್ಕೆ ನಾರುವ ಚರಂಡಿ, ಗಾಳಿ ಬೀಸುವುದೂ ಆ ಕಡೆಯಿಂದಲೇ. ಆದ್ದರಿಂದ ದಕ್ಷಿಣಕ್ಕೆ ಕಿಟಕಿ ಬಿಡದೆ, ಕಪ್ಪು ಕಡಪ ಕಲ್ಲು ಹೊದಿಸಿದ ಜೋಡಿ ಗೋಡೆ ಎಬ್ಬಿಸಿದರು. ಬಿಸಿಲಿಗೆ ಕಲ್ಲು ಕಾಯುತ್ತದೆ, ಗೋಡೆಗಳ ನಡುವಿನ ಗಾಳಿ ಏರುತ್ತದೆ, ಅದು ಉತ್ತರದ ತಂಪು ಗಾಳಿಯನ್ನು ಇಡೀ ಕಟ್ಟಡದ ಮೂಲಕ ಎಳೆದುಕೊಳ್ಳುತ್ತದೆ. ಶಿವಮೊಗ್ಗದಲ್ಲಿ ಇದನ್ನು ನಕಲು ಮಾಡಿದರೆ ಬೇಸಿಗೆಯಲ್ಲಿ ನಡೆದೀತು. ಮೋಡ ಮುಸುಕಿದ ಆಷಾಢದಲ್ಲಿ ಕಾಯಲು ಬಿಸಿಲೇ ಇರುವುದಿಲ್ಲ.

ಎಸಿ ಇರಲೇಬೇಕಾದ ಸಭಾಂಗಣ, ಬ್ಯಾಂಕು, ಕೋಚಿಂಗ್ ಕೇಂದ್ರಗಳಲ್ಲಿ ಮಳೆಗಾಲದ ಲೆಕ್ಕ ಹೀಗೆ. ಹೊರಗೆ 24 ಡಿಗ್ರಿ, ತೇವಾಂಶ 90. ಒಳಗೆ ಅದೇ 24, ತೇವಾಂಶ 60 ಬೇಕು. ಉಷ್ಣಾಂಶ ಒಂದೇ ಆದರೂ ಪ್ರತಿ ಕಿಲೊ ಹೊರಗಾಳಿಯಿಂದ 6 ಗ್ರಾಂ ನೀರನ್ನು ಹಿಂಡಬೇಕು. 50 ಜನರಿಗೆ ತಲೆಗೆ 10 ಲೀಟರಿನಂತೆ ಗಾಳಿ ತಂದರೆ ಗಂಟೆಗೆ ಸುಮಾರು 12 ಲೀಟರ್ ನೀರು. ಎರಡು ಟನ್ನಿಗೂ ಮೀರಿದ ಎಸಿಯ ಶಕ್ತಿ ಅದಕ್ಕೇ ಹೋಗುತ್ತದೆ. ಇದನ್ನು ಕಂಡು ಮಾಲೀಕರು ಹೊರಗಾಳಿಯ ದಾರಿ ಮುಚ್ಚಿಸುತ್ತಾರೆ, ಅಂದರೆ 1973ರ ತಪ್ಪನ್ನೇ ಮತ್ತೆ ಮಾಡುತ್ತಾರೆ. ಸಂಶೋಧನೆ ತೋರಿಸಿರುವ ದಾರಿಗಳು ಎರಡು. ಹೊರಹೋಗುವ ಗಾಳಿಯ ತಂಪು, ಒಣತನವನ್ನು ಒಳಬರುವ ಗಾಳಿಗೆ ದಾಟಿಸುವ ವಿನಿಮಯ ಯಂತ್ರ ಈ ಹೊರೆಯಲ್ಲಿ ಅರ್ಧಕ್ಕೂ ಹೆಚ್ಚನ್ನು ಉಳಿಸಬಲ್ಲದು. ಇಂಗಾಲದ ಡೈಆಕ್ಸೈಡ್ ಸೆನ್ಸರಿಗೆ ಫ್ಯಾನನ್ನು ಜೋಡಿಸಿದರೆ ಹತ್ತು ಜನ ಇದ್ದಾಗ ಹತ್ತು ಜನರಷ್ಟೇ ಗಾಳಿ ಬರುತ್ತದೆ.

ಎಷ್ಟು ತಂಪು ಬೇಕು ಎಂಬುದೂ ಸಂಶೋಧನೆಯ ವಿಷಯವೇ. ಅಹಮದಾಬಾದಿನ ಸೆಪ್ಟ್ ವಿಶ್ವವಿದ್ಯಾಲಯ 2014ರಲ್ಲಿ ಮುಗಿಸಿದ ಸಮೀಕ್ಷೆಗೆ ಬೆಂಗಳೂರೂ ಸೇರಿ ಐದು ನಗರಗಳ ಕಚೇರಿಗಳಿಂದ 6,000ಕ್ಕೂ ಹೆಚ್ಚು ಉತ್ತರಗಳು ಬಂದವು. ಕಿಟಕಿ ತೆರೆದ ಕಟ್ಟಡದಲ್ಲಿ ಹಿಂದಿನ ದಿನಗಳ ಹೊರಗಿನ ಸರಾಸರಿ 28 ಡಿಗ್ರಿ ಇದ್ದರೆ ಜನರಿಗೆ ಒಳಗೂ 28 ಹಿತವೆನಿಸುತ್ತದೆ ಎಂಬುದು ಅದರ ಸೂತ್ರದಿಂದ ಹೊರಡುವ ಉತ್ತರ. ಫ್ಯಾನಿನ ಕೆಳಗೆ 28ಕ್ಕೆ ಹೊಂದಿಕೊಂಡ ಮೈಯನ್ನು 20ಕ್ಕೆ ಇಳಿಸಿ, ಶಾಲು ಹೊದ್ದು ಕೂರಿಸುವ ಕಚೇರಿಗಳು ಯಾರ ಹಿತಕ್ಕೆ ನಡೆಯುತ್ತಿವೆಯೋ ತಿಳಿಯದು.

ಇಷ್ಟನ್ನೂ ಅಳೆಯಲು ಈಗ ಅಂಗೈಯಗಲದ ಯಂತ್ರಗಳಿವೆ. ಇಂಗಾಲದ ಡೈಆಕ್ಸೈಡ್ ಸೆನ್ಸರ್ ಕೊಳ್ಳುವಾಗ ಅದು ಅತಿಗೆಂಪು ಕಿರಣದಿಂದ ಅಳೆಯುವುದೇ ಎಂದು ಕೇಳಬೇಕು. ಬೇರೆ ಅನಿಲಗಳಿಂದ ಊಹಿಸಿ ಅಂಕಿ ತೋರಿಸುವ ಅಗ್ಗದವು ಅಗರಬತ್ತಿಗೂ ಬೆಚ್ಚುತ್ತವೆ. ಕಣ ಅಳೆಯುವ ಸೆನ್ಸರುಗಳು ಮಲೆನಾಡಿನ ಮಂಜನ್ನೂ ಧೂಳೆಂದು ಎಣಿಸುವುದುಂಟು, ಜೊತೆಗೆ ತೇವಾಂಶದ ಓದನ್ನೂ ಬರೆದಿಡುವುದು ಅದಕ್ಕೇ. ಮನೆಯಲ್ಲಿ ಮೊದಲ ಅಳತೆಗೆ ತಕ್ಕ ಜಾಗ ಮಲಗುವ ಕೋಣೆ. ಹತ್ತು ಅಡಿಗೆ ಹನ್ನೊಂದೂವರೆ ಅಡಿಯ ಕೋಣೆಯಲ್ಲಿ ಬಾಗಿಲು, ಕಿಟಕಿ ಮುಚ್ಚಿ ಇಬ್ಬರು ಮಲಗಿದರೆ, ಸಂದಿನಿಂದ ಗಂಟೆಗೆ 0.3 ಸಲ ಗಾಳಿ ಬದಲಾಗುತ್ತಿದ್ದರೂ ಬೆಳಗಿನ ಜಾವಕ್ಕೆ ಅಂಕಿ 2,500 ದಾಟಿರುತ್ತದೆ. ಸೆನ್ಸರನ್ನು ದಿಂಬಿನ ಪಕ್ಕ ಇಟ್ಟರೆ ನಿದ್ದೆಯ ಉಸಿರು ನೇರ ತಾಗಿ ಇನ್ನೂ ಹೆಚ್ಚು ತೋರಿಸುತ್ತದೆ. ಹಾಸಿಗೆಯಿಂದ ಒಂದೆರಡು ಮೀಟರ್ ದೂರ, ತಲೆಯ ಎತ್ತರದಲ್ಲಿ ಇಡಬೇಕು. ಯಂತ್ರವಿಲ್ಲದವರು ಬಾಗಿಲ ಕೆಳಗಿನ ಸಂದಿಗೆ ಹೊತ್ತಿಸಿದ ಅಗರಬತ್ತಿ ಹಿಡಿದು ನೋಡಬಹುದು. ಹೊಗೆಯ ಎಳೆ ಒಳಕ್ಕೆ ಬಾಗಿದರೆ ಗಾಳಿ ಆ ದಾರಿಯಿಂದ ಬರುತ್ತಿದೆ, ಹೊರಕ್ಕೆ ಬಾಗಿದರೆ ಹೋಗುತ್ತಿದೆ. ನೆಟ್ಟಗೆ ನಿಂತರೆ ಆ ರಾತ್ರಿ ಕಿಟಕಿಯನ್ನು ಒಂದು ಗೇಣಾದರೂ ತೆರೆದಿಡಬೇಕಾಗುತ್ತದೆ.